ಉದ್ದ ಮಡಿಕೆ

ಆರಾಧನೆ ಮುಗಿದು, ಗಂಟೆಯ ಹಗ್ಗ ಇನ್ನೂ ತೂಗುತ್ತಿರುವಾಗ
ವೆಸ್ಟ್ರಿಯ ಬಾಗಿಲು ಮುಂದೆ ಮಾಡಿಕೊಂಡು
ಕಾಣಿಕೆ ಚೀಲಗಳನ್ನು ಮೇಜಿನ ಮೇಲೆ ಸುರಿಯುತ್ತೇವೆ,
ನಾನು ಮತ್ತು ಜಯಶೀಲಪ್ಪ.
ಮೂವತ್ತೊಂದು ವರ್ಷ, ಪಿಂಚಣಿಯಿಲ್ಲದ ಸಹಕಾರಿ ಬ್ಯಾಂಕಿನಲ್ಲಿ
ಪರರ ದುಡ್ಡು ಎಣಿಸಿದವನು ನಾನು.
ಈಗ ದೇವರ ದುಡ್ಡು. ಒದ್ದೆ ಸ್ಪಂಜು ಮಾತ್ರ ಅದೇ.

ಬಲಗೈಯ ಗುಟ್ಟು ಎಡಗೈಗೆ ಬೇಡ ಎನ್ನುತ್ತಾರೆ ಅಯ್ಯನವರು.
ಎಣಿಸುವವನಿಗೆ ಎರಡೂ ಕೈ ಬೇಕಲ್ಲ!
ಬೇಡವೆಂದರೂ ಬೆರಳಿಗೆ ತಿಳಿದುಬಿಡುತ್ತದೆ:
ಅರಿಸಿನದ ಕಲೆಯ ಇಪ್ಪತ್ತು ಯಾರ ಅಡುಗೆಮನೆಯದು,
ಗರಿಗರಿ ಐನೂರು ಯಾವ ಅಂಗಡಿಯ ಗಲ್ಲಾದ್ದು,
ಪ್ರಸಂಗ ಮುಗಿಯುವ ತನಕ ಯಾವ ಹುಡುಗ
ಬೆವರ ಮುಷ್ಟಿಯಲ್ಲಿ ಹಿಡಿದಿದ್ದ ಈ ಎರಡು ರೂಪಾಯಿ.
ಮತ್ತೆ, ವಾರವೂ ತಪ್ಪದೆ,
ಉದ್ದಕ್ಕೆ ಮಡಿಚಿದ ಐದು ಹತ್ತರ ನೋಟು.
ಟಿಕೇಟಿನ ದುಡ್ಡು ಡಿಪೋಕ್ಕೆ ಸಂದಾಯ, ಇದು ಸಂಬಳದ್ದು.
ಆದರೆ ರೂಢಿ ಬಿಡುತ್ತದೆಯೆ? ಬೆರಳು
ಸ್ವಂತದ್ದನ್ನೂ ಹಾಗೇ ಮಡಿಸುತ್ತದೆ.

ನಮ್ಮ ಸಭೆಯಲ್ಲಿ ಬಸ್ ಕಂಡಕ್ಟರುಗಳು ಮೂವರು.
ಒಬ್ಬರು ಖಾಕಿಯಲ್ಲೇ ಬಂದು, ಆಶೀರ್ವಾದಕ್ಕೆ ಮೊದಲೇ ಓಡುತ್ತಾರೆ.
ಒಬ್ಬರು ಗಾಯಕವೃಂದದಲ್ಲಿ ಎರಡನೆಯ ಸಾಲು.
ಇನ್ನೊಬ್ಬರಿಗೆ ರಾತ್ರಿ ಪಾಳಿ, ಕೊನೆಯ ಬೆಂಚಿನಲ್ಲಿ ತೂಕಡಿಕೆ.
ಯಾರೆಂದು ನನಗೆ ಗೊತ್ತು. ನೀವು ಕೇಳಬೇಡಿ.

ಹೋದ ಲೆಂಟಿನಲ್ಲಿ ಕರುಣಾಳ ಎದೆಯ ಕವಾಟ ಸೋತಿತು.
ಆಸ್ಪತ್ರೆಯ ಬಿಲ್ಲು ನಮ್ಮ ಓಣಿಗಿಂತ ಉದ್ದ.
ಸ್ತ್ರೀಯರ ಕೂಟದವರು ಪಾಳಿ ಹಾಕಿ ಗಂಜಿ ತಂದರು,
ಲಿಂಗರಾಜಪುರದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಆರಿದ,
ಆದರೂ ಕೈರುಚಿ ಕೆಡದ ಗಂಜಿ.
ಯುವಜನ ಕೂಟದ ನಾಲ್ವರು ರಕ್ತ ಕೊಟ್ಟು
ಬಿಸ್ಕತ್ತು ಕಡಿಯುತ್ತಾ ಕ್ರಿಕೆಟ್ಟಿನ ಸ್ಕೋರು ಕೇಳಿದರು.
ಅವರಿಗೆಲ್ಲ ಹೆಸರು ಹಿಡಿದು ಕೈ ಮುಗಿದೆ,
ವಾರ್ಷಿಕ ವರದಿಯಲ್ಲೂ ಅಚ್ಚಾಯಿತು.

ಒಂದು ಬೆಳಿಗ್ಗೆ, ಬಾಗಿಲಿಗೆ ತೂಗುಹಾಕಿದ ಹಾಲಿನ ಚೀಲದಲ್ಲಿ
ಅರ್ಧ ಲೀಟರ್ ಪ್ಯಾಕೆಟ್ಟಿನ ಪಕ್ಕ ಒಂದು ದಪ್ಪ ಲಕೋಟೆ,
ತಣ್ಣಗೆ, ಬೆವೆತು. ಹೆಸರಿಲ್ಲ, ವಾಕ್ಯವಿಲ್ಲ.
ಹದಿನೆಂಟು ಸಾವಿರದ ಇನ್ನೂರು.
ಎರಡು ಸಲ ಎಣಿಸಿದೆ, ಚಾಳಿ.
ಮೂರನೆಯ ಸಲ ಎಣಿಸಲಿಲ್ಲ, ಬರೀ ಸವರಿದೆ:
ಒಂದೊಂದು ನೋಟಿನ ನಡುವೆಯೂ ಆ ಉದ್ದ ಗೆರೆ.

ವಂದನೆ ಹೇಳಿದರೆ ಅವರ ಗುಟ್ಟು ಒಡೆಯುತ್ತದೆ,
ಹೇಳದಿದ್ದರೆ ನನ್ನ ಎದೆ.

ಸುಗ್ಗಿ ಹಬ್ಬದ ಹರಾಜಿಗೆ ಅವರ ತಾರಸಿಯ ಸೋರೆಕಾಯಿ ಬಂತು,
ಸೊಟ್ಟ ಕತ್ತಿನದು. ಕೂಗು ಐವತ್ತಕ್ಕೆ ನಿಂತಿತ್ತು.
ನಾನು ಎಂಟುನೂರು ಎಂದೆ.
‘ನಮ್ಮ ಕ್ಯಾಷಿಯರಿಗೆ ಲೆಕ್ಕ ತಪ್ಪಿತು!’
ಜಯಶೀಲಪ್ಪ ಮೈಕಿನಲ್ಲಿ ಸಾರಿದ. ಶಾಮಿಯಾನವೆಲ್ಲ ನಕ್ಕಿತು.
ಅವರೂ ನಕ್ಕರು, ಎಲ್ಲರಿಗಿಂತ ತುಸು ತಡವಾಗಿ.
ಪಲ್ಯ, ಸಾಂಬಾರು, ಮತ್ತೆ ಪಲ್ಯ. ಮೂರು ದಿನ ಉಂಡೆವು.
‘ಎಳೆಯದಿತ್ತು,’ ಎಂದಳು ಕರುಣಾ, ಬೆಲೆ ಕೇಳಲಿಲ್ಲ.

ನಿನ್ನೆ ಶಿವಾಜಿನಗರಕ್ಕೆ ಹತ್ತಿದ ಬಸ್ಸಿನಲ್ಲಿ ಅವರೇ.
ಹೆಗಲಿಗೆ ಚೀಲ, ಬೆರಳ ಸಂದಿಯಲ್ಲಿ ನೋಟಿನ ಬೀಸಣಿಗೆ.
ಅಯ್ಯನವರ ಕೆಮ್ಮು ವಿಚಾರಿಸಿದರು,
ಕರುಣಾಳ ಮಾತ್ರೆ ವಿಚಾರಿಸಿದರು.
ಇಪ್ಪತ್ತು ಕೊಟ್ಟೆ. ಚಿಲ್ಲರೆ ಇರಲಿಲ್ಲ.
ಟಿಕೇಟಿನ ಬೆನ್ನಿಗೆ ಐದೆಂದು ಬರೆದು, ಸುತ್ತ ಸೊನ್ನೆ ಎಳೆದು
‘ಇಳಿಯೋವಾಗ ಕೇಳಿ ಇಸ್ಕೊಳ್ಳಿ ಅಣ್ಣ, ಮರೀಬೇಡಿ’ ಎಂದು
ಹಿಂದಿನ ಸೀಟಿಗೆ ನಡೆದರು.

ಕೇಳದೆ ಇಳಿದೆ.
ಟಿಕೇಟು ಈಗ ನನ್ನ ಬೈಬಲಿನಲ್ಲಿದೆ.
ಅದರ ಪ್ರಕಾರ, ಅವರಿಂದ ನನಗೆ
ಐದು ರೂಪಾಯಿ ಬಾಕಿ ಬರಬೇಕು.