ಚಕ್ಕೆ

ಅಪ್ಪ ಅದಕ್ಕೆ ಪೂಲು ಅಂದ, ಸಾಂತೋಣೆಯವರು ಸಾಂಕೊವ್ ಅಂದರು.
ನಾನು ಹುಟ್ಟಿದ್ದು ಅದರ ಮೂರನೇ ಕಂಬದ ಬುಡದಲ್ಲಿ,
ತಗಡಿನ ಗೂಡಿನಲ್ಲಿ,
ಭರತದ ನೀರು ಒಲೆಯ ಕಲ್ಲು ಮುಟ್ಟಿ
ತಪ್ಪಾಯಿತೆಂಬಂತೆ ಹಿಂದೆ ಸರಿಯುವ ಜಾಗದಲ್ಲಿ.

ಅಪ್ಪನ ಕೆಲಸ ಕೆರೆಯುವುದು.
ತಂತಿಯ ಬ್ರಷ್ಷು, ಮೊಂಡು ಉಳಿ, ಸೊಂಟಕ್ಕೆ ಹಗ್ಗ.
ಈ ದಡದಿಂದ ಹೊರಟು ಆ ದಡ ಮುಟ್ಟಲು ಎರಡು ವರ್ಷ,
ಅಷ್ಟರಲ್ಲಿ ಹೊರಟ ತುದಿಗೆ ಮತ್ತೆ ತುಕ್ಕು.
"ಉಪ್ಪುಗಾಳಿಗೆ ಸೂಟಿ ಇಲ್ಲವ್ವ" ಅನ್ನುತ್ತಿದ್ದ,
"ಅದಕ್ಕ ನಮಗ ಪಗಾರ ಐತಿ."

ಒಮ್ಮೆ ಅಂಗೈಯಗಲದ ಚಕ್ಕೆ ಎದ್ದು ಬಂತು.
ರೊಟ್ಟಿಯ ಅಂಚು ನೋಡುವ ಹಾಗೆ
ಬಿಸಿಲಿಗೆ ಅಡ್ಡ ಹಿಡಿದು ತೋರಿಸಿದ:
ಮೇಲೆ ಬೆಳ್ಳಿ, ಅದು ಅವನದೇ ಕೈ.
ಅದರಡಿ ಗಣಿಧೂಳು ಕುಡಿದ ಕಂದುಗೆಂಪು.
ಅದಿರಿನ ಲಾರಿಗಳು ರಾತ್ರಿಯಿಡೀ ಹರಿದ ವರ್ಷಗಳು,
ಗೂಡಿನೊಳಗೆ ನಮ್ಮ ತಾಟು-ತಂಬಿಗೆ
ತಮ್ಮಷ್ಟಕ್ಕೇ ಮಾತಾಡುತ್ತಿದ್ದವು.
ಕೆಂಪಿನಡಿ ಫೌಜಿನ ಬೂದು.
ಬೂದಿನಡಿ ಮಸಿ, ಕೂದಲೆಳೆಯಷ್ಟೇ.
ಮಸಿಯಡಿ ಫಿರಂಗಿಗಳ ಹಸಿರು, ಎಳೆ ಮಾವಿನ ಸಿಪ್ಪೆಯಂಥದು.
ಕಡೆಗೆ ಸಿಂಧೂರ,
ಕಬ್ಬಿಣಕ್ಕೆ ಬಳಿದದ್ದೋ ದೇವರಿಗೆ ಬಳಿದದ್ದೋ.

ಆ ಮಸಿಗೆ ಊರಲ್ಲಿ ಮೂರು ಕತೆ.
ಡಿಸೆಂಬರಿನ ಆ ರಾತ್ರಿ ಓಡುವ ಸಿಪಾಯಿಗಳು
ಸಾಂಕೊವಿಗೆ ಮದ್ದು ಕಟ್ಟಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ.
ಬತ್ತಿಯನ್ನು ಹಲ್ಲಿನಲ್ಲಿ ಕಡಿದವನು ತನ್ನಜ್ಜ, ಎನ್ನುತ್ತಾನೆ ಪುರ್ಸೊ ಗಾಂವಕಾರ.
ಕುಸ್ತೊದ್ ನಗುತ್ತಾನೆ: ಆ ಅಜ್ಜನಿಗೆ ಹಲ್ಲೇ ಇರಲಿಲ್ಲ,
ಇಬ್ಬನಿಗೆ ಮದ್ದು ನೆಂದು ಅರ್ಧವಷ್ಟೇ ಸಿಡಿಯಿತು.
ಎಸ್ಪೆರಾನ್ಸ ಮುದುಕಿ, ಮೀನು ಹೆರೆಯುತ್ತ, ಯಾರ ಮುಖವನ್ನೂ ನೋಡದೆ:
ಬೆಂಕಿ ಇಡಬೇಕಾದ ಹುಡುಗ
ಆಚೆ ದಡದವಳೊಬ್ಬಳನ್ನು ನೋಡಿಟ್ಟಿದ್ದ.
ಯಾರವಳು ಎಂದರೆ ಹುರುಪೆ ಹಾರುತ್ತದೆ.
ಉತ್ತರ ಹಾರುವುದಿಲ್ಲ.

ನನಗೆ ಗೊತ್ತಿರುವುದು ಇಷ್ಟೇ:
ನಾಲ್ಕನೇ ಕೂಡಿನಲ್ಲಿ, ನೀರಿನ ಕಡೆಗೆ,
ರಿವೆಟ್ಟುಗಳ ಸಾಲಿನೊಳಗೆ ಹನ್ನೊಂದು ಬೋಲ್ಟು.
ಬೇರೆ ತಲೆ, ಬೇರೆ ಕಬ್ಬಿಣ.
ನಾನು ಎಣಿಕೆ ಕಲಿತದ್ದು ಅವುಗಳ ಮೇಲೆ ಬೆರಳಿಟ್ಟು.
ಬಹಳ ದಿನ ಹನ್ನೊಂದರಾಚೆ
ನನ್ನ ಲೋಕದಲ್ಲಿ ಲೆಕ್ಕವೇ ಇರಲಿಲ್ಲ.

ಈಗ ಪಕ್ಕದಲ್ಲಿ ಕಾಂಕ್ರೀಟಿನದು ಬಂದಿದೆ.
ಹಳೆಯದನ್ನು ಗ್ಯಾಸಿನಿಂದ ಕತ್ತರಿಸುತ್ತಿದ್ದಾರೆ, ಕಿಲೋ ಲೆಕ್ಕ.
ನಾನು ಅವರಿಗೆ ಚಹಾ ಮಾರುತ್ತೇನೆ.
ಬಣ್ಣ ಮೊದಲು ಗುಳ್ಳೆಯೇಳುತ್ತದೆ,
ಕಬ್ಬಿಣ ಆಮೇಲೆ, ನಿಧಾನಕ್ಕೆ, ಒಪ್ಪಿಕೊಳ್ಳುತ್ತದೆ.
ನಿನ್ನೆ ಮೇಲಿನ ತೊಲೆಯಿಂದ ಯಾದಗಿರಿಯ ಹುಡುಗ ಕೂಗಿದ,
"ಅಕ್ಕಾ, ಇಲ್ಲಿ ನಮ್ಮ ಅಕ್ಷರ ಅದಾವ!"

ಒಳಮೈಗೆ, ಹದ್ದು ಕೂರುವ ಕಡೆ,
ಬೆಳ್ಳಿಯಡಿಯ ಕೆಂಪಿನಲ್ಲಿ ಬೆರಳಿಂದ ಬರೆದದ್ದು:
ಸಕ್ರೆಪ್ಪ.
ಪಗಾರದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದವನು.
ಯಾರು ಕಲಿಸಿದರೋ, ಯಾವಾಗಲೋ,
ಬರೆದು ತಾನೇ ಮುಚ್ಚಿದ್ದ.

"ಯಾರಕ್ಕಾ ಇವ?"
ನಾನು ಹಾಲು ಉಕ್ಕುವುದನ್ನು ನೋಡುತ್ತಿದ್ದೆ.
"ಕೆಲಸಗಾರ" ಎಂದೆ.
ಹುಡುಗ ಅಕ್ಷರದ ಸುತ್ತ ಬೆಂಕಿ ಬಳಸಿ ತಂದ,
ಆದರೂ ಕಾವು ತಾಗಿ 'ಕ್ರೆ' ಉದುರಿತು.
ಉಳಿದದ್ದು ಲಾರಿ ಹತ್ತಿತು, ಬಣ್ಣದ ತೂಕ ಕಳೆಯದೆ.

ಇವತ್ತು ಪೊದೇರ ಹೊಸ ದಾರಿಯಲ್ಲಿ ಬಂದ.
ಎಸ್ಪೆರಾನ್ಸ ಬಾಗಿಲಲ್ಲೇ ಬೈದಳು,
ಹಲಗೆ ಕಡಕಡವೆನ್ನದೆ ರೊಟ್ಟಿ ಬಂದರೆ
ತನಗೆ ಬೆಳಗಾದದ್ದು ತಿಳಿಯುವುದು ಹೇಗೆ?