ಎಡಕ್ಕೆ ಏರಿದ ಮಿಣಿ

ಕಲ್ಮುರುಡಪ್ಪನವರು ಗೊಬ್ಬರದ ಚೀಲದಿಂದ ಹೊರಗೆಳೆದಾಗ
ಕೇರೆ ಹಾವಿನಂತೆ ಬಿತ್ತು ನನ್ನ ಮಣೆಯ ಮೇಲೆ:
ಹನ್ನೆರಡು ಮೊಳ, ಎಂಟೆಳೆ, ಎಲ್ಲೂ ಸಡಿಲಿಲ್ಲ.
"ನಿಮ್ಮ ತಾತ ದುಗ್ಗಯ್ಯ ಹೆಣೆದದ್ದು. ಮೂರು ತುಂಡು ಮಾಡಿಕೊಡು.
ಅಪ್ಪ ತೀರಿಕೊಂಡರು. ನಾವು ಮೂವರು.
ಎಲ್ಲಾ ಪಾಲಾಯಿತು, ಇದೊಂದು ಉಳಿದಿತ್ತು."

ಬೀರೂರು ಸ್ಟೇಷನ್ನಿನೆದುರು ನನ್ನದು ಆರಡಿ ಅಂಗಡಿ.
ಕಿತ್ತ ಜಿಪ್ಪು, ಉಂಗುಷ್ಟ ಹರಿದ ಚಪ್ಪಲಿ, ನಾಯಿಯ ಬೆಲ್ಟು,
ಕಾಲೇಜು ಹುಡುಗಿಯರ ಬ್ಯಾಗಿನ ಕಿವಿ.
ಚರ್ಮ ಈಗ ರಾಣಿಪೇಟೆಯಿಂದ ಬರುತ್ತದೆ, ಹಾಳೆ ಹಾಳೆಯಾಗಿ,
ವಾಸನೆಯಿಲ್ಲದೆ, ಯಾವ ದನದ್ದೂ ಅಲ್ಲವೆಂಬಂತೆ.
ಹತಾರಗಳು ಮಾತ್ರ ಹಳೆಯವು.
ರಂಪಿಗೆಯ ಬಾಯಿ ಮೂರು ತಲೆಮಾರು ಮಸೆದು ಮಸೆದು
ಅಷ್ಟಮಿಯಿಂದ ಬಿದಿಗೆಗೆ ಬಂದಿದೆ.
ದಬ್ಬಳಕ್ಕೆ ಸ್ಕ್ರೂಡ್ರೈವರಿನ ಹಿಡಿ ಹಾಕಿಸಿದ್ದೇನೆ, ಹಳದಿ.
ಅಡಿಗಲ್ಲಿನ ನಡುವೆ ಗುಳಿ; ಮಳೆ ಬಂದರೆ ಗುಬ್ಬಿ ಕುಡಿಯುತ್ತದೆ.

ತಾತನ ಕೆಲಸ ಬಾಯಲ್ಲಿ ಹೇಳಿದರೆ ಸುಲಭ:
ಸುಣ್ಣದ ಬಾನಿಯಲ್ಲಿ, ಕೂದಲು ಕೈಗೆ ಬರುವ ತನಕ.
ತಂಗಡಿ ತೊಗಟೆಯ ಕೆಂಪು ನೀರಲ್ಲಿ ತಿಂಗಳು.
ಹೊಂಗೆ ಎಣ್ಣೆ, ನೆರಳು, ಮತ್ತೆ ಎಣ್ಣೆ.
ಊಟದ ತಟ್ಟೆಯಗಲದ ತುಂಡಿಗೆ ಹೆಬ್ಬೆರಳು ಅಳತೆಯಿಟ್ಟು
ರಂಪಿಗೆಯನ್ನಲ್ಲ, ಚರ್ಮವನ್ನು ತಿರುಗಿಸುತ್ತ ಹೋದರೆ
ಚಕ್ಕುಲಿ ಬಿಚ್ಚಿದಂತೆ ಒಂದೇ ಬಾರು, ಹದಿನೆಂಟು ಮೊಳ.
ಹೆಣೆಯುವಾಗ ಒದ್ದೆಯಿರಬೇಕು, ಬಹಳ ಒದ್ದೆಯಿರಬಾರದು.
ಎಷ್ಟು ಒದ್ದೆ? ನಿನ್ನ ಕಿವಿಯ ತುದಿ ಮುಟ್ಟಿ ನೋಡಿಕೋ, ಅಷ್ಟು ತಣ್ಣಗೆ.
ಇದಕ್ಕೆ ಹದ ಅನ್ನುತ್ತಾರೆ. ಲಾರಿಯಲ್ಲಿ ಬರುವುದಿಲ್ಲ.

ಹೆಣಿಗೆಯನ್ನು ಸುಮ್ಮನೆ ಕತ್ತರಿಸಲಾಗದು.
ಅಲಗು ಬೀಳುವ ಎರಡೂ ಬದಿ ಮೊದಲು ಬಿಗಿದು ಕಟ್ಟಬೇಕು,
ಇಲ್ಲದಿದ್ದರೆ ಜಗಳ ಹತ್ತಿದ ಮನೆ, ದಿಕ್ಕಿಗೊಂದು ಎಳೆ.
ಕಟ್ಟಿದೆ. ರಂಪಿಗೆ ಇಟ್ಟೆ.
ಮಿಣಿ ಬಾಯಿ ತೆರೆಯಿತು.

ಒಳಗಿನ ತಿರುಳು ಚರ್ಮವಾಗಿರಲಿಲ್ಲ.
ಸೀರೆಯ ಅಂಚು, ಹುರಿ ಹೊಸೆದದ್ದು, ಕೆಂಪು,
ಬಿಸಿಲು ಕಾಣದೆ ನಿನ್ನೆ ತಾನೇ ಬಣ್ಣಕ್ಕದ್ದಿದಂತೆ.

ಆಗ ತಿರುಗಿಸಿ ನೋಡಿದೆ. ಎಳೆಗಳು ಎಡಕ್ಕೆ ಏರುತ್ತಿದ್ದವು.
ತಾತ, ಅಪ್ಪ, ನಾನು, ಎಲ್ಲರೂ ಬಲಕ್ಕೆ ಏರಿಸುವವರು.
ಊರು ನಮ್ಮನ್ನು ಎಡಗೈಯವರು ಎಂದು ಕರೆದಿದೆ, ಕೇರಿಗೆ ಕೇರಿಯನ್ನೇ.
ಅಷ್ಟೂ ಮಂದಿಯಲ್ಲಿ ನಿಜಕ್ಕೂ ಎಡಗೈಯವಳು
ಅಜ್ಜಿ ಸಣ್ಣೀರಮ್ಮ ಒಬ್ಬಳೇ.
ಮುದ್ದೆ ಮುರಿಯಲು ಬಲಗೈ, ಅತ್ತೆಯ ಹೊಡೆತಕ್ಕೆ ಹೆದರಿ;
ಉಳಿದದ್ದಕ್ಕೆಲ್ಲ ಎಡ.
ಅವಳು ಜಡೆ ಹಾಕಿ ಕಳಿಸಿದ ದಿನ ಶಾಲೆಯಲ್ಲಿ ಹುಡುಗಿಯರು
"ಇದ್ಯಾಕೆ ಉಲ್ಟಾ?" ಅನ್ನುತ್ತಿದ್ದರು.
ಅವಳಿಗಿದ್ದದ್ದು ಎರಡೇ ಸೀರೆ.

"ಆ ಕಾಲದಲ್ಲಿ ದುಗ್ಗಯ್ಯನ ಮಿಣಿ ಅಂದರೆ," ಕಲ್ಮುರುಡಪ್ಪನವರು ಶುರು ಮಾಡಿದರು,
"ಜೋಡಿ ಅಮೃತಮಹಲ್ ಎತ್ತು ಜಗ್ಗಿದರೂ..."
ವರ್ಷಕ್ಕೆರಡು ಕೊಳಗ ರಾಗಿ.
ಮಿಣಿ ಅವರ ಕೊಟ್ಟಿಗೆಯ ಒಳಗೆ ಹೋಗುತ್ತಿತ್ತು,
ತಾತ ಹೊರಗೆ ಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದ.
ಅಜ್ಜಿ ಅಷ್ಟು ಹತ್ತಿರವೂ ಬಂದವಳಲ್ಲ.

ಹೇಳಬೇಕೆನಿಸಿತು. ಬಾಯಲ್ಲಿ ಮೇಣದ ದಾರವಿತ್ತು.

"ಎಷ್ಟಾಯ್ತು?"
"ದುಡ್ಡು ಬೇಡ. ಒಂದು ಗೇಣು ನನಗೆ ಬಿಡಿ."
ಅವರು ಮೂರು ತುಂಡು ನೋಡಿದರು, ನನ್ನ ಗೇಣು ನೋಡಿದರು.
"ಅಲ್ಲಿಗೆ ನಾಲ್ಕು ಪಾಲಾಯ್ತಲ್ಲಮ್ಮ!"
ನಕ್ಕರು. ನಾನು ದಾರ ಕಡಿದೆ.

ಆ ಗೇಣನ್ನು ನೆನೆಸಿ, ಬಿಚ್ಚಿ, ಎಳೆ ಎಣಿಸಿ,
ಅವಳ ದಾರಿಯಲ್ಲೇ ವಾಪಸು ಹೆಣೆಯಲು ಕೂತಿದ್ದೇನೆ.
ಕೈ ಕಲಿತದ್ದನ್ನು ಬಿಡದು. ಮೂರನೇ ಎಳೆಗೆ ಬಂದು ಎಡವುತ್ತದೆ.
ಬಿಚ್ಚುತ್ತೇನೆ. ಮತ್ತೆ.
ಶಿವಮೊಗ್ಗದ ರೈಲು ಹೋಯಿತು. ಬಾಗಿಲು ಅರ್ಧ ಎಳೆದಿದೆ.
ಚರ್ಮ ಮುಟ್ಟಿ, ಕಿವಿಯ ತುದಿ ಮುಟ್ಟಿ ನೋಡುತ್ತೇನೆ:
ಇನ್ನೂ ಹದ ಇದೆ.