ಮೇಲೊಂದು ರೂಪಾಯಿ

ನಮ್ಮಪ್ಪ ಮದುವೆಮನೆಗಳಲ್ಲಿ ಮುಯ್ಯಿ ಬರೆಯುತ್ತಿದ್ದ.
ಊಟದ ಪಂಕ್ತಿ ಏಳುವ ಹೊತ್ತಿಗೆ ಚಾಪೆಯ ಮೇಲೆ ಕೂತು
ಹೆಸರು, ಊರು, ಮೊತ್ತ.
ಕುಂದವಾಡದ ಚೌಡಪ್ಪ, ಐವತ್ತೊಂದು.
ಆನಗೋಡಿನ ಸಿದ್ಲಿಂಗವ್ವ, ಹನ್ನೊಂದು, ಒಂದು ಗಿಂಡಿ.
ಬರೆದದ್ದನ್ನು ಅಳಿಸಬಾರದು, ಅಂತಿದ್ದ. ಇದು ದಾನ ಅಲ್ಲ ಮಗಳೇ,
ಹೋಗಿ ಬರುವ ದಾರಿ.

ಆ ಕೈಬರಹ ನನಗೆ ಬಂತು, ಆ ಕೆಲಸ ಬರಲಿಲ್ಲ.
ಶಿಶುಗೃಹದಲ್ಲಿ ಇಪ್ಪತ್ತೆರಡು ವರ್ಷ ನಾನು ಬರೆದದ್ದು
ಎಷ್ಟು ಹಾಲು, ಎಷ್ಟು ತೂಕ, ರಾತ್ರಿ ಎಷ್ಟು ಸಲ ಎದ್ದಿತು.

ಅರಳಿ ಸಿಕ್ಕಿದ್ದು ಹತ್ತಿ ಮಂಡಿಯ ಹಿಂದೆ,
ಹರಿದ ಅಂಡಿಗೆಯೊಂದರ ಬಾಯಲ್ಲಿ, ಮೈತುಂಬ ಅರಳೆ.
ಕಡತದಲ್ಲಿ ವಾರಿಜ. ನಮ್ಮ ಬಾಯಲ್ಲಿ ಅರಳಿ.
ಎಡಗಿವಿ ಇಲ್ಲ. ಆ ಜಾಗದಲ್ಲಿ ಗೋಡಂಬಿಯಷ್ಟು ಒಂದು ಗಂಟು.
ನೋಡಲು ಬಂದವರು ಕೂದಲು ಸರಿಸುವವರೆಗೆ ನಗುತ್ತಿದ್ದರು.
ಐದು ಜೋಡಿ. ಐದನೆಯವರು ಬಿಸ್ಕತ್ತಿನ ಪೊಟ್ಟಣ
ಬಿಟ್ಟು ಹೋದರು. ಅವಳು ಎಲ್ಲರಿಗೂ ಹಂಚಿ ತಿಂದಳು.

ಆಮೇಲೆ ಮಾಲ್ಟಾ ಎಂಬ ಹೆಸರು ಬಂತು.
ಗೋಡೆಯ ಭೂಪಟದಲ್ಲಿ ಹುಡುಕಿದೆವು. ನೊಣದ ಹಿಕ್ಕೆ ಅಂದುಕೊಂಡು
ಅಡುಗೆಯ ಹಾಲಮ್ಮ ಉಗುರಲ್ಲಿ ಕೆರೆದೇಬಿಟ್ಟಳು.

ಡೋರಿಸ್ ಅಂಚೆ ಹಂಚುವವಳಂತೆ, ಗಂಡ ದೋಣಿಗೆ ಬಣ್ಣ ಬಳಿಯುವವನು.
ಎರಡು ವರ್ಷದ ಕಾಗದ: ಕೋರ್ಟು, ಮೊಹರು, ವೈದ್ಯರು, ವಿಮಾನ,
ಒಂದೊಂದು ಸಹಿಗೂ ಒಂದೊಂದು ಶುಲ್ಕ.
"ಮಗೂನ ಕೊಂಡ್ರೇನ್ರೀ ಹಂಗಾದ್ರೆ?" ಹಾಲಮ್ಮ ಕೇಳಿಯೇಬಿಟ್ಟಳು.
ದುಭಾಷಿ ಹುಡುಗ ಉಗುಳು ನುಂಗಿದ.
ಡೋರಿಸ್‌ಗೆ ಹೇಗೋ ಅರ್ಥವಾಯಿತು. ಚೀಲದಿಂದ
ನೀಲಿ ರಟ್ಟಿನ ಪುಸ್ತಕ ತೆಗೆದಳು.

ಹೆಸರು, ಊರು, ಮೊತ್ತ.

ಚೆನ್ಸಾ ಎಂಬ ಅಜ್ಜಿ: ಎರಡು ವಾರ ಅಂಜೂರ ಮಾರಿದ್ದು.
ಬ್ಯಾಂಡಿನವರು: ಒಂದು ಸಂಜೆ ಊದಿದ್ದು.
ಒಂಬತ್ತು ವರ್ಷದ ಹುಡುಗ: ಸೈಕಲ್ಲು ಮಾರಿದ್ದು, ಗಂಟೆ ಇಟ್ಟುಕೊಂಡಿದ್ದಾನೆ.
ಹತ್ತು ವರ್ಷದಿಂದ ಮಾತು ಬಿಟ್ಟ ನಾದಿನಿ: ಐನೂರು, ಜೊತೆಗೆ ಚೀಟಿ ಇಲ್ಲ.
ಹೆಸರು ಬೇಡವೆಂದವರು: ಬಾಗಿಲ ಸಂದಿಯಲ್ಲಿ ಲಕೋಟೆ, ಮೂರು ಸಲ.

ಇವರ್ಯಾರೂ ಅರಳಿಯನ್ನು ಕಂಡವರಲ್ಲ.

ದುಭಾಷಿ ಓದುತ್ತಾ ಹೋದ. ನನಗೆ ಮಾತ್ರ ಒಂದು ಕಿರಿಕಿರಿ:
ನೂರು, ಇನ್ನೂರು, ಐವತ್ತು.
ಯಾರೂ ಮೇಲೊಂದು ಹಾಕಿಲ್ಲ.
ಸೊನ್ನೆಗೆ ನಿಂತ ಲೆಕ್ಕ ಮುಚ್ಚಿದ ಬಾಗಿಲು, ಅಂತಿದ್ದ ಅಪ್ಪ.
ಆ ಒಂದು ರೂಪಾಯಿ ಬಾಗಿಲಿಗೆ ಅಡ್ಡ ಇಟ್ಟ ಕಾಲು.

ಅವತ್ತು ಸಂಜೆ ನಾವು ಏಳು ಆಯಾಗಳು, ಕಾವಲಿನ ಮೆಹಬೂಬ್ ಸಾಬರು
ಇದ್ದಬದ್ದದ್ದು ಕೂಡಿಸಿ ಚೌಕಿಪೇಟೆಗೆ ಹೋದೆವು.
ಒಂದೇ ಓಲೆ ಕೊಡಿ ಅಂದರೆ ಪತ್ತಾರ ವಾಸುದೇವಾಚಾರಿ
ತಕ್ಕಡಿಯಿಂದ ಕಣ್ಣೆತ್ತಿ, "ಕಳಕೊಂಡದ್ದಕ್ಕೆ ಜೋಡಿಯೇನವ್ವಾ?" ಅಂದರು.
ಅಲ್ಲ, ಅಂದೆ. ಕಿವಿಯೇ ಒಂದು.
ಅವರು ಬಹಳ ಹೊತ್ತು ಏನನ್ನೂ ತೂಗಲಿಲ್ಲ.
ಆಮೇಲೆ ಕೂಲಿ ಬಿಟ್ಟರು, ಸವಕಳಿ ಬಿಟ್ಟರು.
ಇನ್ನೊಂದನ್ನು ಯಾರಿಗೆ ಮಾರುತ್ತೀರಿ ಅಂದೆ.
"ಇರಲಿ ಬಿಡವ್ವಾ. ಡಬ್ಬೀಲಿ ಇರ್ತೈತಿ."

ಹೊರಡುವ ಬೆಳಿಗ್ಗೆ ನೀಲಿ ಪುಸ್ತಕ ಇಸಿದುಕೊಂಡೆ.
ಕೊನೆಯ ಪುಟದಲ್ಲಿ, ಅಪ್ಪನ ಹಾಗೆ ಅಕ್ಷರ ಒತ್ತಿ:
ದಾವಣಗೆರೆಯ ಆಯಾಗಳು, ಒಂದು ಓಲೆ.
ಚೌಕಿಪೇಟೆಯ ವಾಸುದೇವಾಚಾರಿ, ಕೂಲಿ.
ಮೆಹಬೂಬ್ ಸಾಬ್, ದಾರಿಗೆ ಎರಡು ಸೇರು ಮಂಡಕ್ಕಿ.
ಒಟ್ಟು ಮೊತ್ತದ ಕೆಳಗೆ ಅವರು ಗೆರೆ ಎಳೆದಿದ್ದರು. ಗೆರೆಯ ಕೆಳಗೆ
ಒಂದು ರೂಪಾಯಿಯ ನಾಣ್ಯ ಗೋಂದು ಹಚ್ಚಿ ಅಂಟಿಸಿದೆ.

ಡೋರಿಸ್ ಇದೇನೆಂದು ಕೇಳಿದಳು. ದುಭಾಷಿ ತಡವರಿಸಿದ.
ಅರಳಿ ಆಗಲೇ ಕಾರಿನ ಗಾಜಿಗೆ ಮಂಡಕ್ಕಿ ಅಂಟಿಸುತ್ತಿದ್ದಳು,
ಉಗುಳು ಹಚ್ಚಿ, ಒಂದೊಂದೇ,
ಒಳಗಿನಿಂದ.